ದೂರಿಗೆ ಪಿನ್ ಮಾಡಿದ ಚಿತ್ರ

ಜಪಾನಿನ ಕಾವಾಸಾಕಿ ರೈಲ್ವೆ ಸ್ಟೇಷನ್ ಮುಂದೆ ವಯಸ್ಸಾದವರೊಬ್ಬರು ಗರ್ಭಪಾತದ ವಿರುದ್ಧ ಬೋರ್ಡ್ ಹಿಡಿದು ನಿಂತಿದ್ದರು. ಅದರಲ್ಲೊಂದು ಆಳೆತ್ತರದ ಫೋಟೋ. ಕೆಂಪಗೆ ಏನೋ ಕಂಡಿದ್ದೇ ತಡ, ಆರು ವರ್ಷದ ಮಗಳ ಕಣ್ಣಿಗೆ ಅಂಗೈ ಮುಚ್ಚಿ, ನನ್ನ ಮುಖವನ್ನೂ ತಿರುಗಿಸಿಕೊಂಡು, ಸೀದಾ ಪಕ್ಕದ ಪೊಲೀಸ್ ಚೌಕಿಗೆ ನುಗ್ಗಿದೆ.

ಪೊಲೀಸಪ್ಪ ಮರ್ಯಾದಸ್ಥ. ನಮ್ಮನ್ನು ಕೂರಿಸಿ ಫಾರಂ ತೆಗೆದ. ಹೆಸರು, ವಿಳಾಸ ಎಲ್ಲ ಆಯ್ತು.

"ಫೋಟೋದಲ್ಲಿ ಏನಿದೆ?"

"ಅಸಹ್ಯವಾಗಿದೆ!"

"ಏನೇನಿದೆ ಅಂತ ಬರೀಬೇಕು."

ನಾನೆಲ್ಲಿ ನೋಡಿದ್ದೆ?

"ಸುಮಿಮಾಸೆನ್, ಕ್ಷಮಿಸಿ, ಈ ಕಾಲಂ ಖಾಲಿ ಬಿಡೋ ಹಾಗಿಲ್ಲ," ಅಂತ ತಲೆ ಬಾಗಿಸಿದ. ನನಗೆ ಉರಿದುಹೋಯಿತು.

ಮಗಳನ್ನು ಅವನ ಹತ್ತಿರವೇ ಬಿಟ್ಟು, ವಾಪಸ್ ಹೋಗಿ ಬೋರ್ಡ್ ಮುಂದೆ ನಿಂತೆ. ಮುದುಕರಿಗೆ ಹಿಗ್ಗೋ ಹಿಗ್ಗು. ಬೆಳಗ್ಗೆಯಿಂದ ಯಾರೂ ನಿಂತು ನೋಡಿರಲಿಲ್ಲವಂತೆ. ಕಂಪ್ಲೇಂಟ್ ಕೊಡೋಕೆ ನೋಡ್ತಿದ್ದೀನಿ ಅಂದೆ. "ಹಾಗಾದರೆ ಸರಿಯಾಗಿ ಕಾಣಲಿ," ಅಂತ ಬೋರ್ಡನ್ನು ಬೆಳಕಿಗೆ ತಿರುಗಿಸಿಕೊಟ್ಟರು. ಅಭ್ಯಾಸಬಲ, ಅರಿಗಾತೋ ಅಂತ ಥ್ಯಾಂಕ್ಸ್ ಹೇಳಿಬಿಟ್ಟೆ.

ಚೌಕಿಗೆ ಬಂದರೆ, ಮಗಳು ಪೊಲೀಸಪ್ಪ ಕೊಟ್ಟ ಕೆಂಪು ಪೆನ್ನಿನಲ್ಲಿ ಚಿತ್ರವೊಂದನ್ನು ಬಿಡಿಸಿ ಮುಗಿಸಿದ್ದಳು. ಅದೇ ಫೋಟೋ! ನನ್ನ ಬೆರಳ ಸಂದಿಯಲ್ಲೇ ಎಲ್ಲವನ್ನೂ ನೋಡಿಕೊಂಡಿದ್ದಾಳೆ. ಅಷ್ಟು ಹೊತ್ತು ನಿಂತು ನೋಡಿದ ನನ್ನ ಕಣ್ಣಿಗೆ ಬೀಳದ ಎರಡು ವಿವರ ಬೇರೆ ಅದರಲ್ಲಿದ್ದವು.

ಪೊಲೀಸಪ್ಪ ಅದನ್ನು ಫಾರಂಗೆ ಪಿನ್ ಮಾಡಿ, ಮೆಲ್ಲಗೆ ಮಗುಚಿಟ್ಟ.

"ಏನೂ ಅಂದ್ಕೋಬೇಡಿ. ಇಲ್ಲಿಗೆ ಮಕ್ಕಳೂ ಬರ್ತಾರೆ."

ಹೊರಗೆ ಬೋರ್ಡ್ ಹಾಗೇ ನಿಂತಿತ್ತು. ನನ್ನ ದೂರಿನಿಂದ ಅವತ್ತು ಮರೆಯಾಗಿದ್ದು ನನ್ನ ಮಗಳ ಚಿತ್ರ ಒಂದೇ.