ತಮ್ಮ ಮಾಡಿದ ಕಡ್ಡಿ

ಛತ್ರಿ ಎಂದರೆ ಕಿಲಾಡಿ ಎಂಬ ಅರ್ಥವೂ ನಮ್ಮ ಮಾತಿನಲ್ಲಿ ಇದೆಯಲ್ಲ. ಹಾಗಾಗಿ ಆ ಬೀದಿಗೆ ಹೊಸದಾಗಿ ಬಂದವರು ‘ಛತ್ರಿಯಕ್ಕ’ ಎಂಬ ಹೆಸರು ಕೇಳಿದ ಕೂಡಲೇ, ಯಾರೋ ಊರಿಗೆಲ್ಲ ಟೋಪಿ ಹಾಕುವ ಹೆಂಗಸಿರಬೇಕು ಎಂದುಕೊಳ್ಳುತ್ತಿದ್ದರು. ಅವಳು ಛತ್ರಿ ಮಾಡಿ ಮಾರುತ್ತಿದ್ದಳು, ಅಷ್ಟೆ. ಆ ಜೀವಕ್ಕೆ ಕಿಲಾಡಿತನದ ಗಾಳಿಯೂ ಸೋಕಿರಲಿಲ್ಲ.

ಮನೆಯ ಕೆಳಗಿನ ಉದ್ದನೆಯ ಕೋಣೆಯೇ ಅವಳ ಕಾರ್ಖಾನೆ. ಕಿಟಕಿಯ ಕಡೆ ಹೊಲಿಗೆ ಮೆಷೀನುಗಳು, ಎದುರಿಗೆ ಹಿಡಿಗಳನ್ನು ತುಂಬಿದ ಡಬ್ಬಗಳು, ನಡುವಿನ ಮೇಜಿನ ಮೇಲೆ ಮುಕ್ಕೋನವಾಗಿ ಕತ್ತರಿಸಿದ ಕಪ್ಪು ಬಟ್ಟೆ. ಹೊಲಿಯುವ ಹೆಂಗಸರು ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಅತ್ತೆಯಂದಿರ ಜನ್ಮ ಜಾಲಾಡುತ್ತಿದ್ದರು. ಛತ್ರಿಯಕ್ಕ ಗದರಿಸುತ್ತಿದ್ದಳು, ಆಮೇಲೆ ತಾನೂ ಬಂದು ಕೂತು ಒಂದು ಮಾತು ಸೇರಿಸುತ್ತಿದ್ದಳು.

ಛತ್ರಿಯ ಜೀವ ಇರುವುದು ಅದರ ಎಂಟು ಕಡ್ಡಿಗಳಲ್ಲಿ. ಅವಳು ಕಡ್ಡಿಯನ್ನು ಎರಡು ಕಡೆಯಿಂದ ತರಿಸುತ್ತಿದ್ದಳು. ಒಂದು, ಸಮುದ್ರದಾಚೆಯ ದೇಶದ್ದು. ಅದನ್ನು ಅವಳೇ ಬಂದರಿನಲ್ಲಿ ಬಿಡಿಸಿಕೊಂಡು ಬರುತ್ತಿದ್ದಳು. ಹಗುರ, ಅಗ್ಗ, ಎಷ್ಟು ಬಾಗಿಸಿದರೂ ಮತ್ತೆ ನೆಟ್ಟಗೆ ನಿಲ್ಲುತ್ತಿತ್ತು. ಇನ್ನೊಂದು ಅವಳ ತಮ್ಮನದು. ಸೇತುವೆಯ ಆಚೆ ಅವನದೊಂದು ಸಣ್ಣ ಕಾರ್ಖಾನೆ. ತಂತಿ ಎಳೆದು, ಕುಲುಮೆಯಲ್ಲಿ ಕಾಯಿಸಿ, ಹದ ಮಾಡಿ ಕಡ್ಡಿ ತೆಗೆಯುತ್ತಿದ್ದ. ಕುಲುಮೆ ಹಳೆಯದು, ಹದ ಒಂದೊಂದು ದಿನ ಒಂದೊಂದು ಥರ. ಅವನ ಕಡ್ಡಿಯನ್ನೇ ಎಂಟಕ್ಕೆ ಎಂಟೂ ಹಾಕಿದರೆ ಛತ್ರಿ ಜೋರು ಗಾಳಿಗೆ ಮಗುಚಿ ಬೀಳುತ್ತಿತ್ತು.

ತಾಯಿ ತೀರಿಕೊಂಡಾಗ ಅವನಿನ್ನೂ ತೊದಲು ಮಾತಾಡುತ್ತಿದ್ದ. ಸೊಂಟದ ಮೇಲೆ ಹೊತ್ತು ಸಾಕಿದವಳು ಇವಳು. ನಿನ್ನ ಕಡ್ಡಿ ಸರಿಯಿಲ್ಲ ಕಣೋ ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಅದಕ್ಕೇ ಒಂದು ಉಪಾಯ ಮಾಡಿಕೊಂಡಳು. ಪ್ರತಿ ಛತ್ರಿಗೂ ಒಂದು ಬಿಟ್ಟು ಒಂದರಂತೆ ತಮ್ಮನ ಕಡ್ಡಿ, ಹೊರಗಿನ ಕಡ್ಡಿ. ಅಕ್ಕಪಕ್ಕ ಗಟ್ಟಿ ಇದ್ದರೆ ಮೆತ್ತನೆಯದೂ ತಡೆದುಕೊಳ್ಳುತ್ತಿತ್ತು. ಎಲ್ಲಕ್ಕೂ ಒಂದೇ ಕಪ್ಪು ಬಣ್ಣ ಬಳಿದ ಮೇಲೆ ಯಾವುದು ಯಾರದೆಂದು ಗೊತ್ತಾಗುತ್ತಿರಲಿಲ್ಲ. “ನಿನ್ನ ಕಡ್ಡಿಗೆ ಏನಾಗಿದೆಯೋ, ಬಂಗಾರ,” ಎನ್ನುತ್ತಿದ್ದಳು. ಅವನು ಹಿಗ್ಗಿ ಹೀರೇಕಾಯಿಯಾಗಿ ಹೋಗುತ್ತಿದ್ದ.

ಹೊರಗಿನ ಕಡ್ಡಿ ದಿನೇ ದಿನೇ ಅಗ್ಗವಾಗುತ್ತ ಬಂತು. ಆ ದೇಶದವರು ತಮ್ಮ ನೆಲದಲ್ಲಿ ಮಾರುವುದಕ್ಕಿಂತ ಕಡಿಮೆಗೆ ಇಲ್ಲಿ ತಂದು ಸುರಿಯುತ್ತಿದ್ದರು. ಹಾಗೆ ಸುರಿದು ಇಲ್ಲಿಯ ಕಾರ್ಖಾನೆಗಳಿಗೆ ಪೆಟ್ಟು ಕೊಟ್ಟರೆ ಅಂಥ ಸರಕಿಗೆ ಮೇಲುಸುಂಕ ಹಾಕಬಹುದು ಎಂದು ದೇಶದೇಶಗಳು ಸೇರಿ ಒಪ್ಪಿಕೊಂಡ ಕಾನೂನಿದೆ. ತಮ್ಮನೂ ಅವನಂಥ ಕಡ್ಡಿಯವರೂ ಸೇರಿ ಅರ್ಜಿ ಹಾಕಿದರು. ವಿಚಾರಣೆಗೆ ಎಲ್ಲರಿಗೂ ಕರೆ ಬಂತು.

ಅಲ್ಲಿನ ಜವಾನ ಛತ್ರಿಯಕ್ಕನನ್ನು ಆಮದು ಮಾಡುವವರ ಸಾಲಿನಲ್ಲಿ ಕೂರಿಸಿದ. ತಮ್ಮ ಎದುರು ಸಾಲಿನಲ್ಲಿ, ಇಸ್ತ್ರಿ ಅಂಗಿ ತೊಟ್ಟು, ಬೆವರುತ್ತ. ಮಧ್ಯಾಹ್ನ ಬಿಡುವಾದಾಗ ಇಬ್ಬರೂ ಮೆಟ್ಟಿಲ ಮೇಲೆ ಕೂತು ಒಂದೇ ಡಬ್ಬಿಯಲ್ಲಿ ಉಂಡರು. “ಅಮ್ಮಾ, ಅವರು ನಿಮ್ಮ ಎದುರಾಳಿ,” ಎಂದು ಆಮದುದಾರರ ವಕೀಲ ತಲೆ ಚಚ್ಚಿಕೊಂಡ. “ಎದುರಾಳಿಗೆ ಹಸಿವಾಗಲ್ವಾ?” ಎಂದಳು.

ವಕೀಲನ ವಾದ ಇಷ್ಟೇ: ಹೊರಗಿನ ಕಡ್ಡಿಯ ಗುಣವೇ ಬೇರೆ, ಇಲ್ಲಿಯದರ ಗುಣವೇ ಬೇರೆ; ಎರಡೂ ಒಂದೇ ಬಗೆಯ ಸರಕಲ್ಲ ಅಂದ ಮೇಲೆ ಸುಂಕದ ಮಾತೇ ಏಳುವುದಿಲ್ಲ. ವಿಚಾರಣೆಯ ಅಧಿಕಾರಿ ಛತ್ರಿಯಕ್ಕನ ಕಡೆ ತಿರುಗಿದರು. “ನೀವು ಎರಡನ್ನೂ ಕೊಳ್ಳೋರು. ನೀವೇ ಹೇಳಿ ಅಮ್ಮ. ಎರಡೂ ಒಂದೇನಾ?”

ತಮ್ಮ ಅವಳನ್ನೇ ನೋಡುತ್ತಿದ್ದ. ಬೇರೆ ಎಂದರೆ ಅವಳ ಕೋಣೆ ಉಳಿಯುತ್ತಿತ್ತು, ಅಷ್ಟು ಜನ ಹೊಲಿಗೆಯವರ ಅನ್ನ ಉಳಿಯುತ್ತಿತ್ತು. ಆದರೆ ಅಷ್ಟು ಜನರೆದುರು ಅವನ ಮುಖ ಸಣ್ಣದಾಗುವುದನ್ನು ನೋಡಲು ಅವಳಿಂದ ಆಗುತ್ತಿರಲಿಲ್ಲ. ಚೀಲದಿಂದ ಛತ್ರಿ ತೆಗೆದು ಬಿಚ್ಚಿದಳು. ಮೇಜಿನ ಕಾಗದಗಳೆಲ್ಲ ಹಾರಿದವು.

“ಇದರಲ್ಲಿ ನನ್ನ ತಮ್ಮಂದೂ ಇದೆ, ಹೊರಗಿನದೂ ಇದೆ. ಯಾವುದು ಯಾವುದು ಅಂತ ನೀವೇ ಹೇಳಿ ಸ್ವಾಮಿ.”

ಅಧಿಕಾರಿ ಕನ್ನಡಕ ಏರಿಸಿ ನೋಡಿದರು, ವಕೀಲನೂ ಬಗ್ಗಿ ನೋಡಿದ. ಇಬ್ಬರಿಗೂ ತಿಳಿಯಲಿಲ್ಲ.

“ಒಂದೇ,” ಎಂದಳು ಛತ್ರಿಯಕ್ಕ.

ಸುಂಕ ಬಿತ್ತು. ತಮ್ಮ ಸೇತುವೆ ದಾಟಿ ಓಡಿಬಂದು ಅವಳ ಕಾಲಿಗೆ ಬಿದ್ದ. ಹೊರಗಿನ ಕಡ್ಡಿಯ ಬೆಲೆ ಕೈಗೆಟುಕದಾಯಿತು. ಅವಳು ಎಂಟಕ್ಕೆ ಎಂಟೂ ತಮ್ಮನದನ್ನೇ ಹಾಕತೊಡಗಿದಳು. ಅಷ್ಟರಲ್ಲಿ ಅಂಗಡಿಗಳಲ್ಲಿ ಹೂವಿನ ಚಿತ್ರದ ಛತ್ರಿಗಳು ನೇತಾಡಿದವು, ಅದೇ ದೇಶದವು, ಪೂರ್ತಿ ಹೊಲಿದು ಬಂದವು, ಅವಳ ಬರೀ ಕಡ್ಡಿಗಿಂತ ಅಗ್ಗ. ಬಂದರಿನ ಗುಮಾಸ್ತನ ಮುಂದೆ ಹೋಗಿ ನಿಂತಳು.

“ಕಡ್ಡಿಗೆ ಸುಂಕ ಇದೆ, ಅದೇ ಕಡ್ಡಿ ಇರೋ ಛತ್ರಿಗೆ ಇಲ್ವೇನಪ್ಪಾ?”

“ಅರ್ಜೀಲಿ ಕಡ್ಡಿ ಅಂತ ಮಾತ್ರ ಇತ್ತಮ್ಮ. ಛತ್ರಿ ಬೇರೆ ಸರಕು.”

ನಗಬೇಕೋ ಅಳಬೇಕೋ ತಿಳಿಯದೆ ಅವಳು ಮನೆಗೆ ನಡೆದುಕೊಂಡೇ ಬಂದಳು.

ಮೊದಲ ಗಾಳಿಮಳೆಗೆ ಅವಳ ಛತ್ರಿಗಳು ಮಗುಚಿದವು. ಅಂಗಡಿಯವರು ಕಟ್ಟುಕಟ್ಟಾಗಿ ವಾಪಸು ಕಳಿಸಿದರು. ತಮ್ಮನಿಗೆ ಗೊತ್ತಾಗಬಾರದೆಂದು ಅವನ್ನೆಲ್ಲ ಹಿಂದಿನ ಕೋಣೆಗೆ ತುಂಬಿ ಚಿಲಕ ಹಾಕಿದಳು. ಹೊಲಿಗೆಯವರು ಒಬ್ಬೊಬ್ಬರಾಗಿ ಹೋದರು. ಕೊನೆಗೆ ಹೋದವಳು ತನ್ನ ಸೂಜಿಯನ್ನು ಮೇಜಿನ ಮೇಲೆ ಇಟ್ಟು ಹೋದಳು. ಊರಿನ ಉಳಿದ ಛತ್ರಿಯವರೂ ಬಾಗಿಲು ಎಳೆದುಕೊಂಡರು. ಛತ್ರಿ ಮಾಡುವವರೇ ಇಲ್ಲದ ಮೇಲೆ ಕಡ್ಡಿ ಯಾರಿಗೆ ಬೇಕು? ಯಾರನ್ನು ಉಳಿಸಲು ಕಾನೂನು ಬಂತೋ ಅವನ ಕುಲುಮೆಯೂ ಆರಿತು. ಆ ಕಾನೂನು ಬರೆದವರಿಗೆ ಇದನ್ನು ಯಾರು ಹೋಗಿ ಹೇಳಬೇಕು!

ಕಾರ್ಖಾನೆ ಮುಚ್ಚಿದ ವಾರ ತಮ್ಮ ಬಂದ. ಅವಳು ನೀರು ತರಲು ಒಳಗೆ ಹೋದಾಗ, ಸುಮ್ಮನೆ ಕೂರಲಾರದೆ ಎದ್ದು ಹಿಂದಿನ ಕೋಣೆಯ ಚಿಲಕ ತೆಗೆದ. ಅವಳು ಬರುವಷ್ಟರಲ್ಲಿ ಆ ರಾಶಿಯ ನಡುವೆ ಕುಕ್ಕುರುಗಾಲಿನಲ್ಲಿ ಕೂತಿದ್ದ. ಕೈಯಲ್ಲಿ ಮುರಿದ ಕಡ್ಡಿ.

“ಎಲ್ಲಾ ನಂದೇನಾ?”

“ಈ ಸಲ ಗಾಳಿ ಜಾಸ್ತಿ ಕಣೋ...”

“ಅಕ್ಕಾ. ನಿಜ ಹೇಳು.”

ಅವಳು ಹೇಳಿದಳು. ಹದ ತಪ್ಪುತ್ತಿದ್ದುದು, ಅದಕ್ಕೇ ಬೆರೆಸಿ ಹಾಕುತ್ತಿದ್ದುದು, ಅಷ್ಟು ವರ್ಷದ್ದೆಲ್ಲ ಹೇಳಿದಳು. ಬೈಯಲಿ, ಕೂಗಾಡಲಿ ಎಂದು ಕಾದಳು. ಅವನು ಕೂಗಾಡಲಿಲ್ಲ.

“ಕುಲುಮೆ ಬದಲಾಯಿಸೋಣ ಅಂತ ಎಷ್ಟು ಸಲ ಅಂದ್ಕೊಂಡೆ ಗೊತ್ತಾ?” ಎಂದ. “ಬೇರೆಯವರು ದೂರು ಹೇಳಿದಾಗೆಲ್ಲ, ನಮ್ಮಕ್ಕನೇ ಚೆನ್ನಾಗಿದೆ ಅಂತಾಳೆ, ಇವರದೇನು ಅಂತ ಸುಮ್ಮನಾದೆ. ನೀನು ಹೇಳಿದ್ರೆ ನಾನು ಮಾಡ್ತಿದ್ದೆ ಅಕ್ಕಾ. ನೀನೊಬ್ಬಳು ಹೇಳಿದ್ರೆ ಸಾಕಿತ್ತು.”

ಛತ್ರಿಯಕ್ಕ ನೆಲದ ಮೇಲೆ ಕುಸಿದಳು. ಕೋಣೆ ಖಾಲಿಯಾದಾಗ ಅಳದವಳು ಅವತ್ತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ತಮ್ಮ ಹತ್ತಿರ ಬಂದು ಅವಳ ಬೆನ್ನು ಸವರಿದ. ಅವನಿಗೂ ಅಳು ತಡೆಯಲಾಗಲಿಲ್ಲ.

ಅವನೀಗ ಬಂದರಿನ ಗೋದಾಮಿನಲ್ಲಿ ಪೆಟ್ಟಿಗೆ ಇಳಿಸುವ ಕೆಲಸ ಮಾಡುತ್ತಾನೆ. ಅಕ್ಕನ ಮೇಲೆ ಮುನಿಸಿಲ್ಲ. ಬಿಡುವಿದ್ದಾಗ ಬರುತ್ತಾನೆ, ಉಣ್ಣುತ್ತಾನೆ, ಅವಳ ಮೊಣಕಾಲ ನೋವು ವಿಚಾರಿಸುತ್ತಾನೆ. ಮೊನ್ನೆ ಬಂದಾಗ ಕೆನ್ನೆ ಗುಳಿ ಬಿದ್ದು, ಕಣ್ಣು ಒಳಗೆ ಹೋಗಿತ್ತು. ಅವಳಿಗೆ ಅದು ಕಾಣದೇ ಇರಲಿಲ್ಲ. ಆದರೂ ಅಭ್ಯಾಸಬಲ, ಬಡಿಸುತ್ತ ಅಂದಳು, “ಪರವಾಗಿಲ್ವೋ, ಮೈ ಕೈ ತುಂಬ್ಕೊಂಡು ಚೆನ್ನಾಗಿದ್ದೀಯ.”

ಅವನು “ಹೌದಾ ಅಕ್ಕ?” ಎಂದ. ಆಮೇಲೆ ತಟ್ಟೆಯಿಂದ ಎದ್ದು ಹೋಗಿ ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡ.