ಗೆರೆ ಏರದ ದಿನ

ಅಕ್ಕನ ಬಲಗೈ ಹೆಬ್ಬೆರಳಿನ ಗೆಣ್ಣು ಗೋಲಿಯಷ್ಟು ಗಟ್ಟಿಯಾಗಿ ಉಬ್ಬಿತ್ತು. ಹಾಲು ಕರೆದು ಕರೆದು ಬಂದದ್ದು. ಕ್ಯಾಸಂಬಳ್ಳಿ ಹತ್ತಿರದ ತನ್ನೂರಿನಲ್ಲಿ ಬೆಳಿಗ್ಗೆ ಎರಡು ಹಸು ಕರೆದು, ಡೇರಿಗೆ ಹಾಲು ಹಾಕಿ, ಬಸ್ಸು ಹಿಡಿದು ಕೆ.ಜಿ.ಎಫ್.ನ ನಮ್ಮ ಫಾರ್ಮಸಿ ಕಾಲೇಜಿಗೆ ಬರುತ್ತಿದ್ದಳು. ಸಂಶೋಧನೆಯಲ್ಲಿ ನನಗಿಂತ ಎರಡು ವರ್ಷ ಹಿರಿಯಳು, ಅದಕ್ಕೇ ನನಗೆ ಅಕ್ಕ. ಪ್ರಾಣಿಕೋಣೆಯ ಗಿನಿಪಿಗ್‌ಗಳು ನನ್ನನ್ನು ಕಂಡರೆ ಹುಲ್ಲಿನಡಿ ನುಗ್ಗುತ್ತಿದ್ದವು. ಅವಳ ಮಡಿಲಲ್ಲಾದರೆ ಕೂತು ಕೊತ್ತಂಬರಿ ಕಡ್ಡಿ ಮೆಲ್ಲುತ್ತಿದ್ದವು.

ನಮ್ಮಿಬ್ಬರದೂ ಒಂದೇ ಕೆಲಸ. ಗಿನಿಪಿಗ್‌ಗೆ ಅರಿವಳಿಕೆ ಕೊಟ್ಟು, ಶ್ವಾಸನಾಳಕ್ಕೆ ಕೊಳವೆ ಕೂಡಿಸಿ, ಹಿಸ್ಟಮಿನ್ ಕೊಡುವುದು. ಕೊಟ್ಟೊಡನೆ ಉಬ್ಬಸದವರಿಗೆ ಆಗುವಂತೆಯೇ ಉಸಿರಿನ ದಾರಿ ಬಿಗಿಯುತ್ತದೆ, ಶ್ವಾಸಕೋಶ ಹಿಗ್ಗಲು ಒಲ್ಲೆ ಎನ್ನುತ್ತದೆ, ಪರದೆಯ ಮೇಲೆ ಒತ್ತಡದ ಗೆರೆ ಏರುತ್ತದೆ. ಅಕ್ಕನ ಗೆರೆ ಗೋಪುರದ ಹಾಗೆ ಏರಿ ಇಳಿಯುತ್ತಿತ್ತು. ನನ್ನದು ಹಿಸ್ಟಮಿನ್ ಕೊಡುವ ಮೊದಲೇ ನಡುಗುತ್ತಿತ್ತು.

"ಎದರಿರೋ ಜೀವಕ್ಕೆ ಮತ್ತಿನ ಮದ್ದು ಸರ್ಯಾಗಿ ಇಡಿಯಲ್ಲ ಕಣಮ್ಮ. ಮೊದ್ಲು ಒಂದ್ ಗಳಿಗೆ ಎತ್ಕೊಂಡು ಕೂತ್ಕೊ," ಎನ್ನುತ್ತಿದ್ದಳು. ಬಂಗಾರಪೇಟೆಯ ಕಾನ್ವೆಂಟಿನಲ್ಲಿ ಓದಿದ ನಾನು ಇವಳಿಂದ ಕಲಿಯುವುದೇ? ನಮ್ಮಿಬ್ಬರ ಸಂಶೋಧನೆಯ ಗೈಡ್ ಪ್ರತಿ ವಾರ "ಅವಳ ಗ್ರಾಫ್ ನೋಡಮ್ಮ" ಎಂದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ನಾನು ತಯಾರಿಸಿದ ಹಿಸ್ಟಮಿನ್ ದ್ರಾವಣ ಮರೆತುಹೋಗಿ ಕಿಟಕಿಯ ಬಿಸಿಲಲ್ಲೇ ಉಳಿಯಿತು. ಬೆಳಕಿಗೆ ಅದು ಕೆಡುತ್ತದೆಂದು ನನಗೆ ಗೊತ್ತಿತ್ತು. ಮರುದಿನ ಅಕ್ಕ ಅದೇ ಸೀಸೆ ಕೈಗೆತ್ತಿಕೊಂಡಳು. "ನೆನ್ನೆ ಮಾಡಿದ್ದಲ್ವಾ? ಚೆನ್ನಾಗೈತಾ?" ಎಂದು ಕೇಳಿದಳು ಕೂಡ. "ಹೂಂ" ಎಂದೆ.

ಗೆರೆ ಏರಲಿಲ್ಲ. ಇನ್ನೊಂದು ಪ್ರಾಣಿ, ಮತ್ತೊಂದು. ಏರಲೇ ಇಲ್ಲ. ಗೈಡ್ ಎಲ್ಲರೆದುರು ಅವಳನ್ನು ಬೈದರು. ಮೊದಲಿಗೆ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಇಂಥ ಪ್ರಯೋಗವಾದ ಮೇಲೆ ಪ್ರಾಣಿಯನ್ನು ಮತ್ತಿನಿಂದ ಏಳಿಸುವುದಿಲ್ಲ. ಆ ಮೂರನ್ನೂ ಅವಳು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತುತ್ತಿದ್ದಳು. ನೋಡಲಾಗಲಿಲ್ಲ. ಅವಳಿಗೆ ಎಲ್ಲ ಹೇಳಿಬಿಟ್ಟೆ.

ಅಕ್ಕ ಸುತ್ತುವುದನ್ನು ನಿಲ್ಲಿಸಲಿಲ್ಲ. "ನನ್ ಮ್ಯಾಲೆ ಒಟ್ಟೆಕಿಚ್ಚಾ? ನಂಗೂ ನಿನ್ ಇಂಗ್ಲಿಷ್ ಮ್ಯಾಲೆ ಐತೆ. ಅದ್ಕೇಂತ ನಿನ್ ಕಾಗ್ದ ಅರಿದಾಕಿದ್ನಾ?" ಎಂದಳು. ಮೂರನೆಯದನ್ನೂ ಸುತ್ತಿಟ್ಟು, "ಪುಸ್ತಕ್ದಾಗೆ ಬರಿ. ಇಲ್ದಿದ್ರೆ ಯಾಕ್ ಏರ್ಲಿಲ್ಲ ಅಂತ ನೋಡಾಕೆ ಇನ್ನೂ ಮೂರು ಜೀವ ಓಗ್ತವೆ."

ಪ್ರಯೋಗದ ಪುಸ್ತಕದಲ್ಲಿ ನಡೆದದ್ದನ್ನೆಲ್ಲ ಬರೆದು ಹೆಸರು ಹಾಕಿದೆ. ಗೈಡ್ ಆರು ತಿಂಗಳು ನನ್ನನ್ನು ಪ್ರಾಣಿಕೋಣೆಗೆ ಬಿಡಲಿಲ್ಲ. ಆ ಆರು ತಿಂಗಳು ಅಕ್ಕನ ಪ್ರಬಂಧದ ಇಂಗ್ಲಿಷ್ ತಿದ್ದಿಕೊಟ್ಟೆ. ತಿದ್ದಿಕೊಡು ಎಂದು ಕೇಳಿದವಳು ಅವಳೇ.

ಈಗ ಅವಳು ಬೇರೆ ಊರಿನ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅವಳ ಋಣ ನನ್ನ ಮೇಲಿದೆ, ಅಸೂಯೆಯೂ ಹೋಗಿಲ್ಲ. ತನ್ನ ಹೊಟ್ಟೆಕಿಚ್ಚನ್ನು ಅವಳು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದಳು. ನನ್ನದು ಬಾಯಿಗೆ ಬರಲು ಮೂರು ಜೀವ ಹೋಗಬೇಕಾಯಿತು.