ಎಡಗಿವಿಗೆ ಕೇಳಿದ ಮಾತು

ಮೈಮೇಲೆ ಬರುವುದು, ಯಾರಿಗೋ ಏನೋ ಕೇಳಿಸುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ಕಾನ್ವೆಂಟಿನಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್, ಏನಾದರೂ ವಿಚಿತ್ರ ಕಂಡರೆ ಮೊದಲು ಕಿಟಕಿ ನೋಡಿ, ಆಮೇಲೆ ಬೇಕಾದರೆ ಹೆದರಿ ಎನ್ನುತ್ತಿದ್ದರು. ಈಗ ಹೇಳಹೊರಟ ದಿನವೂ ನಾನು ಮೊದಲು ನೋಡಿದ್ದು ಕಿಟಕಿಯನ್ನೇ. ಅದು ಹಾಡುಹಗಲಿನಲ್ಲಿ ನಡೆದದ್ದು.

ನನ್ನ ಮಗಳು ಮೇಧಾಗೆ ಪೈಲಟ್ ಆಗುವ ಹಟ. ತರಬೇತಿಗೆ ಸೇರುವ ಮೊದಲು ವೈದ್ಯಕೀಯ ಪರೀಕ್ಷೆ ಪಾಸಾಗಬೇಕು. ಕಣ್ಣು, ಹೃದಯ, ಕಿವಿ ಎಲ್ಲವನ್ನೂ ನೋಡುತ್ತಾರೆ. ನನ್ನ ಚಿಂತೆ ಕಿವಿಯದು. ಚಿಕ್ಕವಳಿದ್ದಾಗ ಅವಳ ಎಡಗಿವಿ ಸೋರುತ್ತಿತ್ತು. ಅದು ನಿಂತ ಮೇಲೂ ಆ ಕಡೆಯಿಂದ ಕರೆದರೆ ತಿರುಗುತ್ತಿರಲಿಲ್ಲ. ಫೋನು ಹಿಡಿಯುವುದು ಬಲಗಿವಿಗೇ. ಕೇಳಿದರೆ "ಎಲ್ಲ ಸರಿ ಇದ್ದು ಅಮ್ಮಾ" ಎಂದು ಹಾರಿಸುತ್ತಿದ್ದಳು. ಏನೋ ಮುಚ್ಚಿಡುತ್ತಿದ್ದಾಳೆಂಬ ಗುಮಾನಿ ನನಗೆ.

ಅವಳು ಪರೀಕ್ಷೆಗೆಂದು ಬೆಂಗಳೂರಿಗೆ ಹೊರಡುವ ಮುನ್ನಾದಿನ ನಮ್ಮ ಶಿರಸಿಯ ಮನೆಗೆ ಯಜಮಾನರ ಅಣ್ಣ ಬಂದರು. ವಾಯುಪಡೆಯಲ್ಲಿ ಡಾಕ್ಟರಾಗಿದ್ದವರು, ವಿಮಾನ ಹಾರಿಸುವವರ ದೇಹಸ್ಥಿತಿಯ ಬಗ್ಗೆಯೇ ವಿಶೇಷ ತರಬೇತಿ ಪಡೆದವರು.

"ತಂಗಿ, ಆಸರಿಗೆ ಮಜ್ಜಿಗೆ ಸಾಕು. ಚಾ ಕುಡದ್ರೆ ಪರೀಕ್ಷೆ ಇವಳದ್ದು, ಬಿಪಿ ನಂದು ಏರ್ತು" ಎಂದು ನಕ್ಕರು. ಮಜ್ಜಿಗೆ ಕುಡಿಯುತ್ತ ತಮ್ಮ ತರಬೇತಿಯ ಕತೆ ತೆಗೆದರು. ಒಂದು ಕೋಣೆಯಲ್ಲಿ ಕೂರಿಸಿ, ಆಕಾಶದ ಎತ್ತರದಲ್ಲಿರುವಂತೆ ಗಾಳಿ ಕಡಿಮೆ ಮಾಡಿ, ಮಾಸ್ಕ್ ತೆಗೆಸಿ, ಲೆಕ್ಕ ಬಿಡಿಸಲು ಕೊಡುತ್ತಾರಂತೆ. ಆಮ್ಲಜನಕ ಸಾಲುತ್ತಿಲ್ಲ ಎನ್ನುವುದು ಕೂತವನಿಗೆ ಗೊತ್ತೇ ಆಗುವುದಿಲ್ಲವಂತೆ. "ಲೆಕ್ಕ ಎಲ್ಲ ತಪ್ಪು ಬರ್ದು ಆನು ಖುಷಿಯಲ್ಲಿ ನಗ್ತಾ ಕೂತಿದ್ದಿ" ಎಂದರು. ಅಷ್ಟೇ ಹೇಳಿದ್ದು.

ಆಮೇಲೆ ಅವಳ ಕಿವಿ ನೋಡುತ್ತೇನೆಂದು ಎದ್ದರು. ಅವಳು ಬೆನ್ನು ಹಾಕಿ ವರಾಂಡದ ಒಂದು ತುದಿಯಲ್ಲಿ ನಿಲ್ಲಬೇಕು, ಅವರು ಇನ್ನೊಂದು ತುದಿಯಿಂದ ಪಿಸುಗುಟ್ಟಿದ್ದನ್ನು ತಿರುಗಿ ಹೇಳಬೇಕು.

"ದೊಡ್ಡಪ್ಪ, ನೀ ಪಿಸುಗುಟ್ಟದ್ರೂ ಪಕ್ಕದ ಮನೆಗೆ ಕೇಳ್ತು" ಎಂದಳು ಮೇಧಾ.

"ಬೆಂಗಳೂರಲ್ಲಿಪ್ಪ ಡಾಕ್ಟರು ನಿನ್ನ ದೊಡ್ಡಪ್ಪ ಅಲ್ಲ ಕೂಸೆ. ತಿರುಗು ಆಚೆ."

ಬಲಗಿವಿ ಸುಲಭವಾಗಿ ಮುಗಿಯಿತು. ಎಡಗಿವಿಯ ಸರದಿ ಬಂದಾಗ ಅವಳ ಬಲಗಿವಿ ಮುಚ್ಚುವ ಕೆಲಸ ನನ್ನದಾಯಿತು. ಬೆರಳಿನಿಂದ ಒತ್ತಿ ಉಜ್ಜುತ್ತಲೇ ಇರಬೇಕು. ಆ ಸದ್ದಿಗೆ ಅಲ್ಲಿ ಬೇರೇನೂ ಕೇಳಬಾರದು. ನಾನು ಭಾವನತ್ತ ಮುಖ ಮಾಡಿ ನಿಂತೆ. ಅವರು "ಇಡಗುಂದಿ" ಎಂದು ಪಿಸುಗುಟ್ಟಿದರು. ಅವಳು ಇಡಗುಂದಿ ಎಂದಳು. ಕಾನಸೂರು. ಅದೂ ಸರಿ. ಗುಡ್ನಾಪುರ. ಅದೂ ಸರಿ.

ನನಗೆ ಸಮಾಧಾನವಾಗುವ ಬದಲು ಅನುಮಾನ ಹುಟ್ಟಿತು. ಒಂದೇ ಬಸ್ಸಿನ ದಾರಿಯ ಊರುಗಳಾಗಿದ್ದರೆ ಊಹಿಸಬಹುದಿತ್ತು. ಇವು ಮೂರೂ ಮೂರು ದಿಕ್ಕಿನವು. ಕಿಟಕಿಯ ಗಾಜಿನಲ್ಲಿ ಅವರ ತುಟಿ ಕಾಣುತ್ತಿದೆಯೇ ಎಂದು ನೋಡಿದೆ. ಅದರ ಗಾಜಿನ ಕದ ಹೊರಕ್ಕೆ ತೆರೆದುಕೊಂಡಿತ್ತು. ಮೇಧಾಳ ಮುಂದೆ ಬರೀ ಸುಣ್ಣದ ಗೋಡೆ.

ನನ್ನ ಮುಖದ ಅನುಮಾನ ಭಾವನಿಗೂ ಕಂಡಿರಬೇಕು. ಸುಮ್ಮನಿರು ಎಂದು ನನಗೆ ಕಣ್ಸನ್ನೆ ಮಾಡಿ, ಮಜ್ಜಿಗೆಯ ಲೋಟ ಹಿಡಿದು, ಬಾಯಿ ಬಿಗಿಯಾಗಿ ಮುಚ್ಚಿ ನಿಂತರು. ಊಹೆಯಲ್ಲಿ ಹೇಳುತ್ತಿದ್ದರೆ ಈಗ ಸಿಕ್ಕಿಬೀಳುತ್ತಾಳೆ.

ಸ್ವಲ್ಪ ತಡೆದು ಮೇಧಾ ಸ್ಪಷ್ಟವಾಗಿ ಹೇಳಿದಳು: "ಮಾಸ್ಕ್ ಹಾಕ್ಕೋ ಹೆಗಡೆ, ನಗೋದು ಸಾಕು."

ದೊಡ್ಡಪ್ಪನನ್ನು ಮನೆತನದ ಹೆಸರು ಹಿಡಿದು ಕರೆಯುವ ಹುಡುಗಿಯಲ್ಲ ಅವಳು. ಭಾವನ ತುಟಿ ಮುಚ್ಚಿಯೇ ಇತ್ತು. ಲೋಟ ವಾಲಿ ಮಜ್ಜಿಗೆ ಅವರ ಪಂಚೆಯ ಮೇಲೆ ಚೆಲ್ಲಿದ್ದು ಅವರಿಗೆ ತಿಳಿಯಲೇ ಇಲ್ಲ.

"ಎಂತ ಹೇಳ್ದೆ?"

"ನೀ ಹೇಳಿದ್ದನ್ನೇ. ಕಡೆಗಿದ್ದದ್ದು ಊರಿನ ಹೆಸರೇ ಅಲ್ಲ, ಮೋಸ ಮಾಡ್ದೆ ದೊಡ್ಡಪ್ಪ!" ಎಂದು ನಗುತ್ತಲೇ ತಿರುಗಿದಳು.

ಅವರು ನಗಲಿಲ್ಲ. ಆಮೇಲೆ ಅಡುಗೆಮನೆಗೆ ಬಂದು ನನಗೊಬ್ಬಳಿಗೇ ಹೇಳಿದರು. ತರಬೇತಿಯ ಆ ಕೋಣೆಯಲ್ಲಿ ಪಕ್ಕದಲ್ಲಿ ಕೂತಿದ್ದ ಮೈಸೂರು ಕಡೆಯ ಗೆಳೆಯ ಹಾಗೆಂದೇ ಅವರಿಗೆ ಮಾಸ್ಕ್ ಹಾಕಿಸಿದ್ದನಂತೆ. ಅವನು ತೀರಿಕೊಂಡು ಬಹಳ ಕಾಲವಾಗಿದೆ. "ಇದ್ನ ಆನು ಯಾರಿಗೂ ಹೇಳಿದ್ನಿಲ್ಲೆ ತಂಗಿ."

ನಾನು ಇಬ್ಬರನ್ನೂ ಸಂಶಯಿಸಿದೆ. ನನ್ನ ಬಾಯಿ ಮುಚ್ಚಿಸಲು ಫೋನಿನಲ್ಲೇ ಮಾತಾಡಿಕೊಂಡು ಆಡಿದ ನಾಟಕವೇ ಎಂದು ಬೇರೆ ಬೇರೆಯಾಗಿ ಕೆದಕಿ ಕೇಳಿದೆ. ಇಬ್ಬರೂ ಇಲ್ಲವೆಂದರು. ನಾಟಕವಾಗಿದ್ದರೆ ಭಾವ ಪಂಚೆಯ ಮೇಲೆ ಮಜ್ಜಿಗೆ ಚೆಲ್ಲಿಕೊಂಡು ನಿಲ್ಲಬೇಕಾಗಿರಲಿಲ್ಲ.

ಕಿವಿ ಸೋರುತ್ತಿದ್ದುದನ್ನು ಮುಚ್ಚಿಡದೆ ಹೇಳಬೇಕೆಂದು ಮೇಧಾಗೆ ಅವರು ತಾಕೀತು ಮಾಡಿ ಕಳಿಸಿದರು. ಅವಳು ಹೇಳಿದಳು. ಅಲ್ಲಿ ಕಿವಿಯ ತಮಟೆ ಪರೀಕ್ಷಿಸಿ, ಸದ್ದು ನುಸುಳದ ಕೋಣೆಯಲ್ಲಿ ಕೂರಿಸಿ, ಯಂತ್ರ ಹಚ್ಚಿ ನೋಡಿ, ಎರಡೂ ಕಿವಿ ಸರಿಯಿವೆ ಎಂದರು. ಈಗ ಅವಳು ವಿಮಾನ ಹಾರಿಸುತ್ತಾಳೆ.

ಕಳೆದ ಸಲ ರಜೆಗೆ ಬಂದಾಗ ಕಾಯಿ ತುರಿಯುತ್ತ ಕೂತಿದ್ದಳು. ಎಡಗಡೆಗೆ ಹೋಗಿ ಮೆಲ್ಲಗೆ ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ತುರಿಯುವ ಸದ್ದಿಗೆ ಕೇಳದೆ ಹೋಯಿತೋ, ಕೇಳಿಯೂ ಸುಮ್ಮನಿದ್ದಳೋ ಗೊತ್ತಿಲ್ಲ. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಇನ್ನೊಮ್ಮೆ ಕರೆದು ನೋಡುವ ಧೈರ್ಯವಾಗಲಿಲ್ಲ.

ಅಂದು ಭಾವನೂ ಊಟಕ್ಕಿದ್ದರು. ನಾನು ಅವರ ತಟ್ಟೆಯನ್ನು ಮೇಧಾಳ ಎಡಕ್ಕೆ ಇಟ್ಟಿದ್ದೆ. ಅವರು ಅದನ್ನೆತ್ತಿಕೊಂಡು ಬಲಕ್ಕೆ ಬಂದು ಕೂತರು. ಖಾಲಿ ಉಳಿದ ಆ ಜಾಗದಲ್ಲಿ ಯಾರೋ ಕೂತಿದ್ದಾರೇನೋ ಎಂಬಂತೆ ಸುತ್ತುಹಾಕಿಯೇ ನಾನೂ ಸಾರು ಬಡಿಸಿದೆ.